ನೋವು ನಿಂತ ರಾತ್ರಿ: ಒಂದು ದವಡೆಹಲ್ಲಿನ ಪ್ರಕರಣ

ಸೋಮವಾರ ಬೆಳಗಿನ ಜಾವ 4 ಗಂಟೆಗೆ ಫೋನ್ ಬಂತು. ಆ ಕಡೆ ಒಬ್ಬ ಹೆಂಗಸು. "ಡಾಕ್ಟ್ರೇ, ನಮ್ಮನೆಯವರಿಗೆ ಎಂಜಲು ನುಂಗೋಕೂ ಆಗ್ತಿಲ್ಲ. ಬಾಯಿಂದ ಸುರೀತಾನೇ ಇದೆ. ಟವೆಲ್ ಹಿಡ್ಕೊಂಡು ಮುಂದಕ್ಕೆ ಬಾಗಿ ಕೂತಿದ್ದಾರೆ. ಮಲಗಿದ್ರೆ ಉಸಿರು ಕಟ್ಟುತ್ತಂತೆ."

ಅವರ ಕೈಗೆ ಫೋನ್ ಕೊಡಿ ಅಂದೆ. ಅವರು ತಮ್ಮ ಹೆಸರು ಹೇಳಿದರು. ನನಗೆ ಅದು ಅರ್ಥವಾಗಲೇ ಇಲ್ಲ. ಬಾಯಿ ತುಂಬ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗಿತ್ತು ಆ ದನಿ. ನಾಲಿಗೆ ಹೊರಳುತ್ತಿರಲಿಲ್ಲ. ಆ ದನಿ ಕೇಳಿದ ಮೇಲೆ ಬೇರೆ ಪ್ರಶ್ನೆ ಕೇಳಲು ಹೋಗಲಿಲ್ಲ. "ಕ್ಲಿನಿಕ್‌ಗೆ ಬರಬೇಡಿ. ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಈಗಲೇ ಹೊರಡಿ. ದಾರಿಯಲ್ಲಿ ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ. ಏನೂ ಕುಡಿಸಬೇಡಿ" ಎಂದು ಹೇಳಿ, ನಾನೂ ಹೊರಟೆ.

ರೋಗಿಗೆ 38 ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಯಾವ ಮಾತ್ರೆಯೂ ಇಲ್ಲ. ಗಟ್ಟಿಮುಟ್ಟಾದ ಆಳು. ಅವರನ್ನು ಆ ಸ್ಥಿತಿಗೆ ತಂದಿದ್ದು ಎಡಗಡೆ ಕೆಳಗಿನ ಎರಡನೇ ದವಡೆಹಲ್ಲಿನ ಒಂದು ಹುಳುಕು. ಆರು ವಾರದ ಹಿಂದೆ ಬಂದಿದ್ದರೆ ಬಹುಶಃ ಒಂದು ಫಿಲ್ಲಿಂಗ್‌ನಲ್ಲೇ ಮುಗಿಯುತ್ತಿತ್ತು. ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕಾಯಿಲೆ ನಡೆದ ದಾರಿಯನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಮೊದಲ ಮೂರು ವಾರ

ಶುರುವಾಗಿದ್ದು ಎಲ್ಲರಿಗೂ ಶುರುವಾಗುವ ಹಾಗೆಯೇ. ತಣ್ಣೀರು ಕುಡಿದರೆ ಹಲ್ಲು ಜುಮ್ ಅನ್ನುತ್ತಿತ್ತು. ಎರಡು ಮೂರು ಸೆಕೆಂಡ್, ಆಮೇಲೆ ಏನೂ ಇಲ್ಲ. ಅವರು ಬಲಗಡೆಯಿಂದ ನೀರು ಕುಡಿಯುವುದನ್ನು ರೂಢಿ ಮಾಡಿಕೊಂಡರು.

ಈ ಹಂತ ತುರ್ತಲ್ಲ. ಹುಳುಕು ಹಲ್ಲಿನ ಮೇಲಿನ ಗಟ್ಟಿ ಪದರ ದಾಟಿ ಒಳಪದರಕ್ಕೆ ಬಂದಿದೆ, ಒಳಗಿನ ನರ ಕಿರಿಕಿರಿಗೊಂಡಿದೆ, ಅಷ್ಟೆ. ತಣ್ಣನೆಯದನ್ನು ತೆಗೆದ ಕೂಡಲೇ ನೋವು ಹೋಗುತ್ತದೆ ಅಂದರೆ ನರಕ್ಕೆ ಚೇತರಿಸಿಕೊಳ್ಳುವ ಶಕ್ತಿ ಇನ್ನೂ ಇದೆ ಅಂತ. ಒಂದೆರಡು ವಾರದೊಳಗೆ ತೋರಿಸಿದರೆ ಸಾಕು. ಆದರೆ ತೋರಿಸಲೇಬೇಕು. ಬಾಯಿಯ ಇನ್ನೊಂದು ಬದಿಯನ್ನು ಬಳಸಲು ಶುರು ಮಾಡಿದ್ದೀರಿ ಅಂದರೆ, ಹಲ್ಲು ಕೆಟ್ಟಿದೆ ಎಂದು ನಿಮ್ಮ ಬಾಯಿಗೆ ಆಗಲೇ ಗೊತ್ತಾಗಿದೆ ಅಲ್ವಾ?

ನಾಲ್ಕು ರಾತ್ರಿ

ನಾಲ್ಕನೇ ವಾರದಲ್ಲಿ ನೋವಿನ ಸ್ವಭಾವವೇ ಬದಲಾಯಿತು. ಈಗ ಬಿಸಿ ತಾಗಿದರೆ ಆಗುತ್ತಿರಲಿಲ್ಲ. ಒಮ್ಮೆ ಶುರುವಾದ ನೋವು ಅರ್ಧ ಗಂಟೆ ಉಳಿಯುತ್ತಿತ್ತು. ರಾತ್ರಿ ಮಲಗಿದರೆ ಎದೆಬಡಿತದ ಜೊತೆಗೆ ಹಲ್ಲೂ ಟಕ್ ಟಕ್ ಅಂತ ಬಡಿಯುತ್ತಿತ್ತು. ಮೇಲಿನ ಹಲ್ಲೋ ಕೆಳಗಿನದೋ ಹೇಳಲು ಬರುತ್ತಿರಲಿಲ್ಲ. ಒಮ್ಮೆ ಕಿವಿ ಅನ್ನಿಸುತ್ತಿತ್ತು, ಒಮ್ಮೆ ತಲೆ. ಕೊನೆಯ ಎರಡು ರಾತ್ರಿ ಅವರು ಹಾಸಿಗೆಯ ಪಕ್ಕ ತಣ್ಣೀರಿನ ಬಾಟಲಿ ಇಟ್ಟುಕೊಂಡಿದ್ದರು. ಒಂದು ಗುಟುಕು ಬಾಯಿಗೆ ಹಾಕಿ ಆ ಹಲ್ಲಿನ ಕಡೆ ಹಿಡಿದುಕೊಂಡರೆ ನೋವು ನಿಲ್ಲುತ್ತಿತ್ತು. ನೀರು ಬೆಚ್ಚಗಾಗುತ್ತಿದ್ದಂತೆ ಮತ್ತೆ ಶುರು. ಉಗುಳಿ ಇನ್ನೊಂದು ಗುಟುಕು. ಹಾಗೇ ಬೆಳಗಾಯಿತು.

ಹಿಂದೆ ಯಾವ ತಣ್ಣೀರಿಗೆ ಜುಮ್ ಅನ್ನುತ್ತಿತ್ತೋ ಈಗ ಅದೇ ತಣ್ಣೀರು ಆರಾಮ ಕೊಡುತ್ತಿದೆ. ಇದಕ್ಕೆ ಕಾರಣವಿದೆ. ಕೈಗೆ ಪೆಟ್ಟಾದರೆ ಕೈ ಊದುತ್ತದೆ, ಊದಲು ಜಾಗವಿದೆ. ಹಲ್ಲಿನೊಳಗಿನ ನರ ಮತ್ತು ರಕ್ತನಾಳಗಳ ಗೊಂಚಲು ಇರುವುದು ಕಲ್ಲಿನಂಥ ಗೋಡೆಯ ಮಧ್ಯೆ. ಅಲ್ಲಿ ಊತ ಬಂದರೆ ಒತ್ತಡ ಏರುತ್ತದೆ, ಅಷ್ಟೇ ದಾರಿ. ಬಿಸಿ ತಾಗಿದರೆ ಒತ್ತಡ ಇನ್ನೂ ಜಾಸ್ತಿ, ತಣ್ಣಗಾದರೆ ತುಸು ಕಮ್ಮಿ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುವುದರಿಂದ ರಾತ್ರಿಯೇ ನರಕ. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿಕೊಂಡರೆ ಸ್ವಲ್ಪ ತಡೆಯಬಹುದು. ಯಾರಾದರೂ ಬಾಟಲಿ ಹಿಡಿದು ಬಂದು ಕುರ್ಚಿಯಲ್ಲಿ ಕೂತರೆ ಅವರು ಬಾಯಿ ತೆರೆಯುವ ಮೊದಲೇ ನಮಗೆ ಅರ್ಧ ಗೊತ್ತಾಗುತ್ತದೆ. ಒಳಗಿನ ನರ ಇನ್ನು ಚೇತರಿಸಿಕೊಳ್ಳುವುದಿಲ್ಲ. ರೂಟ್ ಕೆನಾಲ್ ಮಾಡಬೇಕು, ಅಂದರೆ ಕೆಟ್ಟ ನರ ತೆಗೆದು ಹಲ್ಲಿನ ಒಳಗನ್ನು ಶುಚಿ ಮಾಡಿ ತುಂಬಬೇಕು, ಇಲ್ಲವೇ ಹಲ್ಲು ತೆಗೆಯಬೇಕು.

ಇಂಥ ನೋವು ಬಂದರೆ ಒಂದೆರಡು ದಿನದೊಳಗೆ ನೋಡಿಸಬೇಕು. ಜೀವಕ್ಕೆ ಅಪಾಯವೆಂದಲ್ಲ, ಇನ್ನೂ ಹಾಗಾಗಿಲ್ಲ. ಆದರೆ ಹಲ್ಲು ಉಳಿಸಿಕೊಳ್ಳಲು ಸುಲಭವಾದ ಕಾಲ ಇದೇ.

ಅವರು ನೋವಿನ ಮಾತ್ರೆ ನುಂಗಿದರು. ಆಮೇಲೆ ಆಸ್ಪತ್ರೆಯಲ್ಲಿ ಅವರ ಹೆಂಡತಿ ಚೀಲದಿಂದ ಮೂರು ಸ್ಟ್ರಿಪ್ ತೆಗೆದು ನನ್ನ ಮುಂದೆ ಇಟ್ಟರು. ಒಂದು ಜ್ವರದ್ದು, ಒಂದು ನೆಗಡಿಯದ್ದು, ಒಂದು ಮೈಕೈ ನೋವಿನದ್ದು. ಹೆಸರು ಮೂರು, ಬಣ್ಣ ಮೂರು, ಮೂರರಲ್ಲೂ ಇದ್ದದ್ದು ಪ್ಯಾರಾಸಿಟಮಾಲ್. ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮಿತಿ. ಅಂದರೆ 500 ಮಿಲಿಗ್ರಾಂನ ಮಾತ್ರೆ ಎಂಟು, ಅದಕ್ಕಿಂತ ಒಂದೂ ಜಾಸ್ತಿ ಬೇಡ. ಹಲ್ಲುನೋವಿನಲ್ಲಿ ನಿದ್ದೆಗೆಟ್ಟವರು ಲೆಕ್ಕ ತಪ್ಪಿ ಲಿವರ್ ಕೆಡಿಸಿಕೊಂಡದ್ದು ಅಪರೂಪವೇನಲ್ಲ. ಇವರ ಲಿವರ್ ಪರೀಕ್ಷೆ ಸರಿಯಾಗಿ ಬಂತು, ಪುಣ್ಯ. ಮಿತಿ ಮೀರಿ ತೆಗೆದುಕೊಂಡಿದ್ದರೆ ಹಲ್ಲಿನ ಮಾತು ಆಮೇಲೆ, ಆರಾಮಾಗಿದ್ದೀನಿ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹಲ್ಲುನೋವಿಗೆ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಸೇರಿಸಿ ಕೊಟ್ಟರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿ ತೊಂದರೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ನೋವಿನ ಮಾತ್ರೆಗೆ ಉಬ್ಬಸ ಬರುವವರು, ಗರ್ಭಿಣಿಯರು ಕೇಳದೆ ಐಬುಪ್ರೊಫೆನ್ ನುಂಗಬಾರದು. ಇನ್ನೊಂದು ಮಾತು: ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಮೇಲೆ ಒತ್ತಿ ಇಡಬೇಡಿ. ಅದು ನೋವು ಕಡಿಮೆ ಮಾಡುವುದಿಲ್ಲ, ಒಸಡನ್ನು ಸುಡುತ್ತದೆ. ಬೆಳ್ಳಗೆ ಸುಲಿದ ಒಸಡು ಎಷ್ಟೋ ಸಲ ನೋಡಿದ್ದೇನೆ.

ನೋವು ನಿಂತಿತು

ನಾಲ್ಕನೇ ದಿನ ಅವರು ನಮ್ಮ ಕ್ಲಿನಿಕ್‌ಗೆ ಫೋನ್ ಮಾಡಿ ಗುರುವಾರ ಸಂಜೆಗೆ ಸಮಯ ತೆಗೆದುಕೊಂಡರು. ಬುಧವಾರ ರಾತ್ರಿ 11ರ ಹೊತ್ತಿಗೆ ನೋವು ಇದ್ದಕ್ಕಿದ್ದಂತೆ ನಿಂತಿತು. ಬಿಸಿ ಕುಡಿದು ನೋಡಿದರು, ಏನಿಲ್ಲ. ತಣ್ಣೀರು, ಏನಿಲ್ಲ. ನಾಲ್ಕು ದಿನದ ನಿದ್ದೆಯನ್ನು ಒಂದೇ ರಾತ್ರಿ ಮಾಡಿದರು. ಬೆಳಿಗ್ಗೆ ಫೋನ್ ಮಾಡಿ, "ಪೂರ್ತಿ ಹೋಗಿದೆ, ಇವತ್ತು ಬರಲ್ಲ" ಎಂದರು. ಕ್ಲಿನಿಕ್‌ನಲ್ಲಿ ಫೋನ್ ನೋಡಿಕೊಳ್ಳುವ ನಮ್ಮ ಹುಡುಗಿ ಪುಸ್ತಕದಲ್ಲಿ ಅವರ ಹೆಸರಿನ ಮೇಲೆ ಗೆರೆ ಎಳೆದಳು. ಸಂಜೆ ನಾನೂ ಆ ಗೆರೆ ನೋಡಿದೆ. ಸಮಯ ಖಾಲಿ ಆಯಿತಲ್ಲ ಎಂದು ಬೇರೆಯವರನ್ನು ಕೂರಿಸಿದೆ.

ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಗೆರೆ. ನೋವು ಹಾಗೆ ನಿಂತದ್ದು ವಾಸಿಯಾಗಿ ಅಲ್ಲ. ಒತ್ತಡದಲ್ಲಿ ರಕ್ತ ಓಡಾಡಲಾರದೆ ಒಳಗಿನ ನರ ಸತ್ತಿತ್ತು. ಸತ್ತ ನರಕ್ಕೆ ಬಿಸಿ ಗೊತ್ತಾಗುವುದಿಲ್ಲ, ತಂಪು ಗೊತ್ತಾಗುವುದಿಲ್ಲ. ನೋವು ಹೇಳುವವರೇ ಇಲ್ಲದಂತಾಯಿತು. ಬ್ಯಾಕ್ಟೀರಿಯಾಗಳಿಗೋ, ತಿನ್ನಲು ಸತ್ತ ಅಂಗಾಂಶ, ರಕ್ತದ ಕಾವಲಿಲ್ಲದ ಬೆಚ್ಚನೆಯ ಗೂಡು. ಅಲ್ಲಿಂದ ಬೇರಿನ ತುದಿಯ ಸಣ್ಣ ರಂಧ್ರದ ಮೂಲಕ ಅವು ಮೂಳೆಗೆ ಇಳಿಯುತ್ತವೆ. ಇದಕ್ಕೆ ವಾರ ಹಿಡಿಯಬಹುದು, ತಿಂಗಳುಗಳೇ ಹಿಡಿಯಬಹುದು. ಇವರಿಗೆ 17 ದಿನ ಹಿಡಿಯಿತು.

ಹಾಗಾಗಿ ನಾನು ಹೇಳುವುದು ಇಷ್ಟು. ಜೋರಾದ ಹಲ್ಲುನೋವು ಚಿಕಿತ್ಸೆಯಿಲ್ಲದೆ ತಾನಾಗಿ ನಿಂತರೆ, ಸಮಯ ರದ್ದು ಮಾಡಬೇಡಿ. ಆ ದಿನ ಆರಾಮಾಗಿ ಹೋಗಬಹುದು, ಮರಗಟ್ಟಿಸುವ ಇಂಜೆಕ್ಷನ್ ಚೆನ್ನಾಗಿ ಹಿಡಿಯುತ್ತದೆ, ಹಲ್ಲೂ ಸಾಮಾನ್ಯವಾಗಿ ಉಳಿಯುತ್ತದೆ.

ಶುಕ್ರವಾರದಿಂದ ಸೋಮವಾರ

ಆ 17ನೇ ದಿನ, ಶುಕ್ರವಾರ ಬೆಳಿಗ್ಗೆ ಹಲ್ಲು ಕಚ್ಚಿದಾಗ ಆ ಒಂದು ಹಲ್ಲು ಮಾತ್ರ ಎತ್ತರವಾದ ಹಾಗೆ ಅನ್ನಿಸಿತು. ಉಳಿದ ಹಲ್ಲುಗಳಿಗಿಂತ ಮೊದಲು ಅದೇ ತಾಗುತ್ತಿತ್ತು. ತಾಗಿದರೆ ಪ್ರಾಣ ಹೋಗುವಷ್ಟು ನೋವು. ಈ ಸಲ ಯಾವ ಹಲ್ಲೆಂದು ಬೆರಳಿಟ್ಟು ತೋರಿಸುತ್ತಿದ್ದರು. ಹಲ್ಲಿನ ಒಳಗಿನ ನರಕ್ಕೆ ತಾನು ಎಲ್ಲಿದ್ದೇನೆಂದು ಸರಿಯಾಗಿ ಹೇಳಲು ಬರುವುದಿಲ್ಲ. ಬೇರಿನ ಸುತ್ತ ಇರುವ ನಾರುಗಳಿಗೆ ಬರುತ್ತದೆ. ಅಂದರೆ ಸೋಂಕು ಹಲ್ಲಿನಿಂದ ಹೊರಗೆ ಬಂದಿತ್ತು, ಬೇರಿನ ಬುಡದಲ್ಲಿ ಕೀವು ಕಟ್ಟಿ ಹಲ್ಲನ್ನು ಮೇಲಕ್ಕೆ ನೂಕುತ್ತಿತ್ತು.

ಶನಿವಾರ ಸಂಜೆ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಊತ. ಮನೆಯಲ್ಲಿ ಯಾರಿಗೋ ಹಿಂದೆ ಬರೆದುಕೊಟ್ಟಿದ್ದ ಆಂಟಿಬಯೋಟಿಕ್ ನಾಲ್ಕು ಉಳಿದಿತ್ತು. ಅದನ್ನು ಶುರು ಮಾಡಿದರು. ಭಾನುವಾರ ಮಧ್ಯಾಹ್ನ ನೋವು ಕಮ್ಮಿಯಾಯಿತು. "ಮಾತ್ರೆ ಹಿಡೀತು" ಎಂದುಕೊಂಡರು ಇಬ್ಬರೂ. ನಿಜವಾಗಿ ಆದದ್ದು ಬೇರೆ. ಮೂಳೆಯೊಳಗೆ ಒತ್ತಿ ಹಿಡಿದಿದ್ದ ಕೀವು ಮೂಳೆ ಕೊರೆದು ಮೆತ್ತನೆಯ ಭಾಗಕ್ಕೆ ಹರಿದಿತ್ತು. ಒತ್ತಡ ಇಳಿಯಿತು, ನೋವು ಇಳಿಯಿತು, ಊತ ಏರಿತು. ನೋವು ಎರಡನೇ ಸಲ ಸುಳ್ಳು ಹೇಳಿತು.

ಆಂಟಿಬಯೋಟಿಕ್ ಬಗ್ಗೆ ಒಂದು ನಿಮಿಷ. ಮಾತ್ರೆಯ ಔಷಧ ರಕ್ತದ ಜೊತೆ ಹೋಗಬೇಕು. ಸತ್ತ ಹಲ್ಲಿನೊಳಗೆ ರಕ್ತವೇ ಓಡುವುದಿಲ್ಲ. ಕೀವಿನ ಚೀಲದ ನಡುಮಧ್ಯಕ್ಕೂ ಅದು ಸರಿಯಾಗಿ ಮುಟ್ಟುವುದಿಲ್ಲ. ಗೂಡು ಹಾಗೇ ಇರುತ್ತದೆ. 2019ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಆರೋಗ್ಯವಾಗಿರುವ ದೊಡ್ಡವರಿಗೆ ಹಲ್ಲಿನ ಚಿಕಿತ್ಸೆ ಸಿಗುವ ಹಾಗಿದ್ದರೆ, ಸಾಮಾನ್ಯ ಹಲ್ಲುನೋವಿಗೆ ಆಂಟಿಬಯೋಟಿಕ್ ಬೇಡ, ಹಲ್ಲಿಗೇ ಚಿಕಿತ್ಸೆ ಮಾಡಿ. ಜ್ವರ, ಸುಸ್ತು, ಹರಡುವ ಊತ ಇದ್ದಾಗ ಆಂಟಿಬಯೋಟಿಕ್ ಬೇಕೇ ಬೇಕು. ಆಗಲೂ ಕೀವಿಗೆ ಹೊರದಾರಿ ಮಾಡಿಕೊಟ್ಟ ಜೊತೆಗೆ ಬೇಕು. ಯಾರದ್ದೋ ಉಳಿದ ನಾಲ್ಕು ಕ್ಯಾಪ್ಸೂಲ್ ಇವೆರಡರಲ್ಲಿ ಯಾವುದೂ ಅಲ್ಲ.

ಭಾನುವಾರ ರಾತ್ರಿ ಬಾಯಿ ಒಂದು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಊತ ಗಲ್ಲದ ಕೆಳಗೆ ಹಾದು ಬಲಗಡೆಗೂ ಬಂದಿತ್ತು. ಆಮೇಲೆ ಅವರ ಹೆಂಡತಿ ಅತ್ತುಕೊಂಡು ಹೇಳಿದ ಮಾತು: "ನೋವು ಜಾಸ್ತಿ ಇಲ್ಲ ಅಂದ್ರಲ್ಲ ಡಾಕ್ಟ್ರೇ, ಅದಕ್ಕೇ ಬೆಳಗಾಗ್ಲಿ ಅಂತ ಸುಮ್ನಿದ್ದೆ." ಅವರ ತಪ್ಪಿಲ್ಲ. ನೋವೇ ಅಳತೆಗೋಲು ಎಂದು ನಮಗೆಲ್ಲ ಚಿಕ್ಕಂದಿನಿಂದ ಅಭ್ಯಾಸವಾಗಿದೆ. ನಾಲ್ಕು ಗಂಟೆಗೆ ಅವರನ್ನು ಎಬ್ಬಿಸಿದ್ದೂ ಗಂಡನ ನರಳಾಟವಲ್ಲ, ಒದ್ದೆಯಾದ ದಿಂಬು.

ಆಸ್ಪತ್ರೆಯಲ್ಲಿ

ಜ್ವರ 38.9 ಡಿಗ್ರಿ ಸೆಲ್ಸಿಯಸ್. ನಾಡಿ 118. ಮುಂದಿನ ಹಲ್ಲುಗಳ ನಡುವೆ ಬಾಯಿ ತೆರೆದದ್ದು 14 ಮಿಲಿಮೀಟರ್. ಗಲ್ಲದ ಕೆಳಗೆ ಎರಡೂ ಕಡೆ ಮುಟ್ಟಿದರೆ ಮೆತ್ತಗಿರಲಿಲ್ಲ, ಹಲಗೆ ಮುಟ್ಟಿದಂತಿತ್ತು. ಟಾರ್ಚ್ ಬಿಟ್ಟು ಆ ಸಣ್ಣ ಸಂದಿಯಲ್ಲಿ ನೋಡಿದರೆ ನಾಲಿಗೆಯ ಅಡಿಯ ನೆಲ ಉಬ್ಬಿ ನಾಲಿಗೆಯನ್ನು ಅಂಗುಳಕ್ಕೆ ಒತ್ತಿತ್ತು. ಇದಕ್ಕೆ ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. 1836ರಲ್ಲಿ ಜರ್ಮನಿಯ ವೈದ್ಯ ವಿಲ್ಹೆಲ್ಮ್ ಫ್ರೆಡ್ರಿಕ್ ಫಾನ್ ಲುಡ್ವಿಗ್ ಇದನ್ನು ಮೊದಲು ವಿವರವಾಗಿ ಬರೆದರು. ಹೆಸರಲ್ಲಿ ಆಂಜೈನಾ ಇದ್ದರೂ ಹೃದಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಇದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಉಳಿಯುತ್ತಿರಲಿಲ್ಲ. ಈಗಲೂ ಸಾವು ಆಗುತ್ತದೆ. ಹೆಚ್ಚಾಗಿ ಉಸಿರಿನ ದಾರಿ ಮುಚ್ಚಿಕೊಂಡು.

ಕೆಳಗಿನ ದವಡೆಹಲ್ಲಿಗೇ ಇದು ಯಾಕೆ ಅಂಟಿಕೊಂಡಿದೆ ಅಂದರೆ, ಕೆಳದವಡೆಯ ಒಳಬದಿಯಲ್ಲಿ ಒಂದು ಸ್ನಾಯು ಚಾಚಿಕೊಂಡು ಬಾಯಿಯ ನೆಲವಾಗಿ ನಿಂತಿದೆ. ಮುಂದಿನ ಹಲ್ಲುಗಳ ಬೇರು ಆ ನೆಲಕ್ಕಿಂತ ಮೇಲೆಯೇ ಮುಗಿಯುತ್ತದೆ. ಎರಡನೇ ಮತ್ತು ಮೂರನೇ ದವಡೆಹಲ್ಲಿನ ಬೇರಿನ ತುದಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಅಲ್ಲಿಂದ ಕೀವು ಹೊರಬಿದ್ದರೆ ಬಾಯೊಳಗೆ ಒಡೆಯದೆ ಕತ್ತಿನ ಕಡೆ ಇಳಿಯುತ್ತದೆ. ಕತ್ತಿನ ಆ ಜಾಗಗಳಿಗೆ ಒಂದಕ್ಕೊಂದು ಸಂಪರ್ಕವಿದೆ, ಕೆಳಗೆ ಎದೆಯವರೆಗೂ ದಾರಿಯಿದೆ.

ಅರಿವಳಿಕೆ ತಜ್ಞರಿಗೆ ಅದು ಕಷ್ಟದ ಬೆಳಗು. ಬಾಯಿ ತೆರೆಯದ, ಮಲಗಲಾಗದ ರೋಗಿಗೆ ಎಂದಿನಂತೆ ಪ್ರಜ್ಞೆ ತಪ್ಪಿಸುವ ಔಷಧ ಕೊಟ್ಟು ಮಲಗಿಸಿದರೆ ಉಸಿರಿನ ದಾರಿ ಅಲ್ಲೇ ಮುಚ್ಚಿಬಿಡಬಹುದು. ಎಚ್ಚರವಿದ್ದಂತೆಯೇ, ಕೂತ ಭಂಗಿಯಲ್ಲೇ, ಕ್ಯಾಮೆರಾ ಇರುವ ತೆಳುವಾದ ನಳಿಕೆಯ ಸಹಾಯದಿಂದ ಮೂಗಿನ ಮೂಲಕ ಉಸಿರಾಟದ ಟ್ಯೂಬ್ ಇಳಿಸಿದರು. ಅಷ್ಟು ಹೊತ್ತೂ ಕತ್ತಿನಲ್ಲಿ ರಂಧ್ರ ಮಾಡಲು ಶಸ್ತ್ರಚಿಕಿತ್ಸಕರು ಕೈಗವಸು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಅದರ ಅಗತ್ಯ ಬೀಳಲಿಲ್ಲ. ಆಮೇಲೆ ಗಲ್ಲದ ಕೆಳಗೆ ಎರಡು ಕಡೆ ಕೊಯ್ದು ಕೀವಿಗೆ ದಾರಿ ಮಾಡಿ, ರಬ್ಬರ್ ಪಟ್ಟಿ ಇಟ್ಟು, ಆ ಹಲ್ಲನ್ನು ತೆಗೆದರು. ರಕ್ತನಾಳದ ಮೂಲಕ ಆಂಟಿಬಯೋಟಿಕ್. ಐಸಿಯುನಲ್ಲಿ ಎರಡು ದಿನ, ಏಳನೇ ದಿನ ಮನೆಗೆ.

ಎಲ್ಲಿ ಹಿಡಿಯಬಹುದಿತ್ತು

ಅವರ ಜೊತೆ ಕೂತು ಈ ದಿನಗಳನ್ನು ಹಿಂದಕ್ಕೆ ಎಣಿಸಿದ್ದೇವೆ. ಜುಮ್ ಅನ್ನುವಾಗ ಬಂದಿದ್ದರೆ ಅರ್ಧ ಗಂಟೆಯ ಕೆಲಸ. ಬಾಟಲಿಯ ರಾತ್ರಿಗಳಲ್ಲಿ ಅಥವಾ ನೋವು ನಿಂತ ಮರುದಿನ ಬಂದಿದ್ದರೆ ರೂಟ್ ಕೆನಾಲ್, ಹಲ್ಲು ಉಳಿಯುತ್ತಿತ್ತು. ಇವೆಲ್ಲ ತಪ್ಪಿದರೂ ಶನಿವಾರ ಸಂಜೆ ಇನ್ನೊಂದು ಬಾಗಿಲು ತೆರೆದಿತ್ತು. ಊತ ಒಂದೇ ಕಡೆ, ಬಾಯಿ ಚೆನ್ನಾಗಿ ತೆರೆಯುತ್ತಿತ್ತು. ಅವತ್ತು ಬಂದಿದ್ದರೆ ಹಲ್ಲಿನ ಮೂಲಕವೋ ಸಣ್ಣ ಕೊಯ್ತದಿಂದಲೋ ಕೀವು ತೆಗೆದು, ಬಹುಶಃ ಅದೇ ರಾತ್ರಿ ಮನೆಗೆ ಕಳಿಸಬಹುದಿತ್ತು. ಮುಖ ಅಥವಾ ದವಡೆಯ ಹೊರಗೆ ಊತ ಕಂಡ ದಿನವೇ ತೋರಿಸಬೇಕು. ರಜೆ ದಿನವಾಗಿದ್ದರೂ ಸರಿ, ನೋವು ಇಲ್ಲದಿದ್ದರೂ ಸರಿ.

ಭಾನುವಾರದ ಲಕ್ಷಣಗಳು ಬಂದ ಮೇಲೆ ಡೆಂಟಿಸ್ಟ್ ಹತ್ತಿರ ಹೋಗುವ ಹೊತ್ತು ಮೀರಿತ್ತು, ನೇರ ಆಸ್ಪತ್ರೆಯೇ. ಬಾಯಿ ತೆರೆಯುವುದನ್ನು ಮನೆಯಲ್ಲೇ ನೋಡಬಹುದು. ತೋರುಬೆರಳು, ನಡುಬೆರಳು, ಉಂಗುರ ಬೆರಳು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಿ. ನಿಮ್ಮದೇ ಮೂರು ಬೆರಳು ಸಾಮಾನ್ಯವಾಗಿ ನಿಮ್ಮ ಬಾಯಲ್ಲಿ ಹಿಡಿಸುತ್ತವೆ. ಊತದ ಜೊತೆಗೆ ಎರಡು ಬೆರಳೂ ಹಿಡಿಸದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನುಂಗಲು ಕಷ್ಟ, ಎಂಜಲು ಹೊರಗೆ ಸುರಿಯುವುದು, ದನಿ ಬದಲಾಗುವುದು, ನಾಲಿಗೆ ಮೇಲೆದ್ದ ಹಾಗನ್ನಿಸುವುದು, ಮಲಗಿದರೆ ಉಸಿರು ಕಟ್ಟುವುದು, ಚಳಿಜ್ವರ, ಮಂಕು ಕವಿಯುವುದು: ಇವುಗಳಲ್ಲಿ ಒಂದಿದ್ದರೂ ಸಾಕು. ಜ್ವರ ಇಲ್ಲ ಎಂದು ಸಮಾಧಾನ ಪಡಬೇಡಿ. ನೋವಿನ ಮಾತ್ರೆಗಳು ಜ್ವರವನ್ನೂ ಮುಚ್ಚಿಹಾಕುತ್ತವೆ. ಮೇಲಿನ ಹಲ್ಲಿನ ಸೋಂಕು ಕಣ್ಣಿನ ಕಡೆ ಹತ್ತಿ ರೆಪ್ಪೆ ಊದಿ ಕಣ್ಣು ಮುಚ್ಚುತ್ತಾ ಬಂದರೂ ಅಷ್ಟೇ ಅವಸರ. ಅಲ್ಲಿಂದ ಮಿದುಳಿನ ಕಡೆಗೆ ರಕ್ತನಾಳಗಳ ದಾರಿಯಿದೆ. ಊದಿದ ಕೆನ್ನೆಗೆ ಶಾಖ ಕೊಡಬೇಡಿ.

ಮಕ್ಕಳಲ್ಲಿ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಲ್ಲಿ, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಅವರ ವಿಷಯದಲ್ಲಿ ನಾನು ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ. ಗರ್ಭಿಣಿಯರು ಹೆರಿಗೆಯಾಗಲಿ ಎಂದು ಕಾಯುತ್ತಾರೆ. ಬೇಕಿಲ್ಲ, ಹಲ್ಲಿನ ಚಿಕಿತ್ಸೆ ಆಗಲೂ ಮಾಡಬಹುದು. ಇನ್ನು ಹಲ್ಲಿನದ್ದೇ ಅಲ್ಲದ ಹಲ್ಲುನೋವೂ ಒಂದಿದೆ. ನಡೆದರೆ, ಮೆಟ್ಟಿಲು ಹತ್ತಿದರೆ ಕೆಳದವಡೆ ನೋಯುತ್ತದೆ, ಕೂತರೆ ಹೋಗುತ್ತದೆ, ಬೆವರು ಬರುತ್ತದೆ ಅಂದರೆ ಅದು ಹೃದಯದ್ದಿರಬಹುದು. ಅದಕ್ಕೂ ತುರ್ತು ವಿಭಾಗವೇ.

ಆಮೇಲೆ

ಆರು ವಾರದ ನಂತರ ಅವರು ನಮ್ಮ ಕುರ್ಚಿಯಲ್ಲಿ ಕೂತು ಮೂರು ಬೆರಳು ಬಾಯಿಗೆ ಇಟ್ಟು ತೋರಿಸಿದರು. ಗಲ್ಲದ ಕೆಳಗೆ ಎರಡು ಸಣ್ಣ ಗೆರೆ ಉಳಿದಿವೆ, ಗಡ್ಡದಲ್ಲಿ ಮುಚ್ಚಿಹೋಗಿವೆ.

ನಮ್ಮ ಪುಸ್ತಕದಲ್ಲಿ ಈಗ ಸುಮ್ಮನೆ ಗೆರೆ ಎಳೆಯುವುದಿಲ್ಲ. ಯಾರಾದರೂ ನೋವು ಹೋಯಿತು, ಬರಲ್ಲ ಎಂದು ಫೋನ್ ಮಾಡಿದರೆ ನಮ್ಮ ಹುಡುಗಿ ಎರಡು ಪ್ರಶ್ನೆ ಕೇಳುತ್ತಾಳೆ. ರಾತ್ರಿ ಎಬ್ಬಿಸುವಷ್ಟು ನೋವಿತ್ತಾ? ಏನೂ ಮಾಡದೆ ತಾನಾಗಿ ನಿಂತಿತಾ? ಎರಡಕ್ಕೂ ಹೌದೆಂದರೆ ಫೋನ್ ನನ್ನ ಕೈಗೆ ಬರುತ್ತದೆ. ಕಳೆದ ತಿಂಗಳು ಹಾಗೇ ಒಬ್ಬರು ಒಲ್ಲದ ಮನಸ್ಸಿನಿಂದ ಬಂದರು. ಐಸಿನಂತೆ ತಣ್ಣಗಿದ್ದ ಹತ್ತಿಯನ್ನು ಹಲ್ಲಿಗೆ ಇಟ್ಟೆ. ಪಕ್ಕದ ಹಲ್ಲಿಗೆ ತಕ್ಷಣ ಕೈ ಎತ್ತಿದರು. ನೋಯುತ್ತಿದ್ದ ಹಲ್ಲಿಗೆ ಇಟ್ಟು ಹತ್ತರವರೆಗೆ ಎಣಿಸಿದೆ. "ಇಟ್ಟಿದ್ದೀರಾ?" ಎಂದು ಕೇಳಿದರು. ಅವತ್ತೇ ರೂಟ್ ಕೆನಾಲ್ ಶುರು ಮಾಡಿದೆವು. ಆ ಹಲ್ಲು ಅವರ ಬಾಯಲ್ಲೇ ಇದೆ.